ಬ್ರೂಸ್‌ಪೇಟೆಯ ಸರಾಸರಿ ಲೆಕ್ಕ

ಬಳ್ಳಾರಿಯ ಬ್ರೂಸ್‌ಪೇಟೆಯ ಶಾಲೆಗಳಲ್ಲಿ ಸಂಖ್ಯಾಶಾಸ್ತ್ರವೆಂದರೆ ಬಹುಕಾಲ ಸರಾಸರಿ ಒಂದೇ. ಐದು ಹುಡುಗರ ವಯಸ್ಸು ಕೂಡಿಸಬೇಕು, ಐದರಿಂದ ಭಾಗಿಸಬೇಕು. ಅಲ್ಲಿಗೆ ಪಾಠ ಮುಗಿಯಿತು. ಕಷ್ಟವಿದ್ದದ್ದು ಸರಾಸರಿಯಲ್ಲಲ್ಲ, ಭಾಗಾಕಾರದಲ್ಲಿ. ರೂಪಾಯಿಗೆ 16 ಆಣೆ, ಆಣೆಗೆ 12 ಪೈ ಇದ್ದ ಕಾಲದಲ್ಲಿ ಉಳಿದ ರೂಪಾಯಿಯನ್ನು ಆಣೆಗೆ ಇಳಿಸಿ, ಉಳಿದ ಆಣೆಯನ್ನು ಪೈಗೆ ಇಳಿಸಿ ಮತ್ತೆ ಮತ್ತೆ ಭಾಗಿಸಬೇಕಿತ್ತು. ಕಾಲು, ಅರೆ, ಮುಕ್ಕಾಲರ ಮಗ್ಗಿ ಬಾಯಿಗೆ ಬಾರದವನ ಸ್ಲೇಟು ಅರ್ಧದಲ್ಲೇ ನಿಲ್ಲುತ್ತಿತ್ತು. 1957ರ ಏಪ್ರಿಲ್ 1ರಂದು ನಯಾ ಪೈಸೆ ಬಂದು ರೂಪಾಯಿ ನೂರು ಭಾಗವಾಯಿತು. ಸ್ಲೇಟಿನ ಮೇಲಿನ ಅರ್ಧ ಕಷ್ಟ ಅಲ್ಲಿಗೇ ಕಳೆಯಿತು.

ಸರಾಸರಿಯ ನಿಜವಾದ ಶಾಲೆ ದಲಾಲಿ ಅಂಗಡಿ. ಹತ್ತಿ, ಮೆಣಸಿನಕಾಯಿ, ಶೇಂಗಾ ವ್ಯಾಪಾರದ ಗುಮಾಸ್ತರು ಐದು ಲಾಟುಗಳ ದರವನ್ನು ಕೂಡಿಸಿ ಭಾಗಿಸುತ್ತ ಕೂರುತ್ತಿರಲಿಲ್ಲ. ದರಗಳು 6,800, 7,100, 6,950, 7,050, 7,200 ಎಂದಿಟ್ಟುಕೊಂಡರೆ, ಮೊದಲು ಮನಸ್ಸಿನಲ್ಲೇ 7,000 ಎಂದು ಹಿಡಿಯುತ್ತಿದ್ದರು. ಆಮೇಲೆ ಹೆಚ್ಚುಕಮ್ಮಿ ಮಾತ್ರ: 200 ಕಡಿಮೆ, 100 ಹೆಚ್ಚು, 50 ಕಡಿಮೆ, 50 ಹೆಚ್ಚು, 200 ಹೆಚ್ಚು. ಒಟ್ಟು 100 ಹೆಚ್ಚು, ತಲಾ 20. ಸರಾಸರಿ 7,020. ಇಂದು 10ನೇ ತರಗತಿಯ ಪುಸ್ತಕದಲ್ಲಿ ‘ಅಂದಾಜು ಸರಾಸರಿ ವಿಧಾನ’ ಎಂದು ಸೂತ್ರದ ವೇಷದಲ್ಲಿ ಬರುವುದು ಇದೇ ಲೆಕ್ಕ. ಎಂಟನೇ ಇಯತ್ತೆಯೂ ಮುಗಿಸದ ಗುಮಾಸ್ತ ಬಾಯಲ್ಲಿ ಮಾಡುತ್ತಿದ್ದುದನ್ನು ಈಗಿನ ಹುಡುಗ ನಾಲ್ಕು ಕಾಲಂ ಗೆರೆ ಹೊಡೆದು ಮಾಡುತ್ತಾನೆ.

ತೂಕದ ವಿಷಯದಲ್ಲೂ ಅಂಗಡಿ ಮೋಸ ಹೋಗುತ್ತಿರಲಿಲ್ಲ. ಕ್ವಿಂಟಲಿಗೆ 6,000ದಂತೆ 10 ಕ್ವಿಂಟಲ್, 7,000ದಂತೆ 30 ಕ್ವಿಂಟಲ್ ಕೊಂಡರೆ ಸರಾಸರಿ 6,500 ಎನ್ನುವವನು ಶಾಲೆಯ ಹುಡುಗ. ಒಟ್ಟು ಹಣ 2,70,000, ಒಟ್ಟು ಮಾಲು 40 ಕ್ವಿಂಟಲ್, ಹಾಗಾಗಿ 6,750 ಎನ್ನುವವನು ಅಂಗಡಿಯವನು. ಎರಡು ಸರಾಸರಿಗಳ ಸರಾಸರಿ ತೆಗೆಯುವ ಈ ತಪ್ಪು ಇಂದಿಗೂ ಉತ್ತರಪತ್ರಿಕೆಗಳನ್ನು ಬಿಟ್ಟು ಹೋಗಿಲ್ಲ.

2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನ ನಂತರ ಶಾಲೆಯ ಪುಸ್ತಕ ಬದಲಾಯಿತು. ಚಿಕ್ಕ ತರಗತಿಗಳಲ್ಲೇ ‘ದತ್ತಾಂಶಗಳ ನಿರ್ವಹಣೆ’ ಎಂಬ ಪಾಠ ಬಂತು. ನಾಲ್ಕು ಗೆರೆ ಎಳೆದು ಐದನೆಯದನ್ನು ಅಡ್ಡ ಹಾಕುವ ತಾಳೆ ಗುರುತು, ಚಿತ್ರನಕ್ಷೆ, ಸ್ತಂಭಾಲೇಖಗಳು ಬಂದವು. ಸರಾಸರಿಗೆ ಮಧ್ಯಾಂಕ ಮತ್ತು ಬಹುಲಕ ಜೊತೆಯಾದವು. ಮಕ್ಕಳಿಗೆ ಇವು ಮೂರು ಬೇರೆ ಬೇರೆ ಸೂತ್ರಗಳಾಗಿ ಕಾಣುತ್ತವೆ. ಯಾವುದು ಎಲ್ಲಿಗೆ ಎಂಬುದು ಮಾತ್ರ ಹೊಳೆಯುವುದಿಲ್ಲ. ಇದಕ್ಕೆ ಉದಾಹರಣೆ ಹುಡುಕಲು ಬಳ್ಳಾರಿ ಬಿಟ್ಟು ಹೋಗಬೇಕಾಗಿಲ್ಲ. ಜೀನ್ಸ್ ಹೊಲಿಯುವ ಒಂದು ಘಟಕದಲ್ಲಿ ನಾಲ್ವರ ದಿನದ ಗಳಿಕೆ 400, 420, 450, 480 ರೂಪಾಯಿ, ಮಾಲೀಕನದು 2,250 ಎನ್ನೋಣ. ಸರಾಸರಿ 800. ಆದರೆ ಅಲ್ಲಿ 800 ರೂಪಾಯಿ ಗಳಿಸುವ ಮನುಷ್ಯನೇ ಇಲ್ಲ. ಏರಿಕೆ ಕ್ರಮದಲ್ಲಿ ಬರೆದಾಗ ನಡುವೆ ನಿಲ್ಲುವ 450, ಅಂದರೆ ಮಧ್ಯಾಂಕ, ಕೆಲಸಗಾರನ ಸ್ಥಿತಿಯನ್ನು ಸರಿಯಾಗಿ ಹೇಳುತ್ತದೆ. ಅದೇ ಪ್ಯಾಂಟನ್ನು ಮಾರುವ ಅಂಗಡಿಯವನಿಗೆ ಎರಡೂ ಬೇಡ. ಸೊಂಟದ ಅಳತೆಗಳ ಸರಾಸರಿ 31.4 ಬಂದರೆ ಅವನೇನು ಮಾಡಿಯಾನು? ಯಾವ ಅಳತೆ ಹೆಚ್ಚು ಖರ್ಚಾಗುತ್ತದೋ ಅದೇ ಅವನ ಲೆಕ್ಕ, ಅದೇ ಬಹುಲಕ.

ಸಂಭವನೀಯತೆ ಪ್ರೌಢಶಾಲೆಗೆ ಇಳಿದದ್ದು ತಡವಾಗಿ. ಆದರೆ ಕಟ್ಟೆಯ ಮೇಲೆ ಅದು ಮೊದಲೇ ಇತ್ತು. ಚೌಕಾಬಾರದಲ್ಲಿ ನಾಲ್ಕು ಕವಡೆ ಹಾಕಿದರೆ ಒಂದೊಂದೂ ತೆರೆದು ಬೀಳಬಹುದು, ಇಲ್ಲವೇ ಕವುಚಿ ಬೀಳಬಹುದು; ಒಟ್ಟು 16 ಬಗೆ. ನಾಲ್ಕೂ ತೆರೆದರೆ ಚೌಕ, ಅದು 1 ಬಗೆ. ನಾಲ್ಕೂ ಕವುಚಿದರೆ ಬಾರ, ಅದೂ 1. ಒಂದು ತೆರೆಯುವುದು 4 ಬಗೆ, ಮೂರು ತೆರೆಯುವುದು 4 ಬಗೆ, ಎರಡು ತೆರೆಯುವುದು 6 ಬಗೆ. ಆಡುವ ಅಜ್ಜಿಯರಿಗೆ ಭಿನ್ನರಾಶಿ ಗೊತ್ತಿರಲಿಲ್ಲ, ಎರಡು ಬೀಳುವುದೇ ಹೆಚ್ಚು ಎಂಬುದು ಗೊತ್ತಿತ್ತು. ಕವಡೆ ನಾಣ್ಯದಂತೆ ಎರಡೂ ಕಡೆ ಸಮವಲ್ಲ, ಒಂದು ಬದಿ ಚಪ್ಪಟೆ, ಇನ್ನೊಂದು ಉಬ್ಬು. ಕವಡೆಯ ಬದಲು ಹಾಕುವ, ಒಂದು ಕಡೆ ತೇಯ್ದ ಹುಣಸೆ ಬೀಜವೂ ಅಷ್ಟೆ. ಹಾಗಾಗಿ 16 ಬಗೆಗಳೂ ಸಮಾನ ಎಂಬ ಲೆಕ್ಕ ಕಾಗದದ ಮೇಲೆ ಮಾತ್ರ ನಿಲ್ಲುತ್ತದೆ. ನಿಜ ತಿಳಿಯಬೇಕಾದರೆ ಎಸೆದು ಎಣಿಸಬೇಕು.

ಬಗೆಗಳನ್ನು ಪಟ್ಟಿ ಮಾಡದೆ ಉತ್ತರಕ್ಕೆ ಹಾರುವವರು ಎರಡು ನಾಣ್ಯಗಳ ಲೆಕ್ಕದಲ್ಲೇ ಎಡವುತ್ತಾರೆ. ಎರಡೂ ಶಿರ, ಎರಡೂ ಪುಚ್ಛ, ಒಂದೊಂದು. ಮೂರೇ ಬಗೆ ಎಂದು ಮೂರರಲ್ಲೊಂದು ಎನ್ನುತ್ತಾರೆ. ‘ಒಂದೊಂದು’ ಎಂಬುದರಲ್ಲಿ ಎರಡು ಬಗೆ ಅಡಗಿವೆ, ಒಟ್ಟು ನಾಲ್ಕು. ಮಕ್ಕಳನ್ನು ಬೈಯುವ ಮೊದಲು ನೆನಪಿಡಬೇಕಾದದ್ದೊಂದಿದೆ: ಫ್ರಾನ್ಸಿನ ದೊಡ್ಡ ಗಣಿತಜ್ಞ ದಲಾಂಬೇರ್ 18ನೇ ಶತಮಾನದಲ್ಲಿ ಇದೇ ಬಗೆಯ ಎಡವಟ್ಟು ಮಾಡಿದ್ದ.

ಪುಸ್ತಕದ ಇಸ್ಪೀಟ್ ಲೆಕ್ಕಗಳದು ಬೇರೆ ಪಾಡು. ಎಲೆ ಮುಟ್ಟಿದರೆ ಬೈಸಿಕೊಳ್ಳುವ ಮನೆಗಳ ಮಕ್ಕಳು ಆಟಿನ್ನು, ಕಳಾವರ್ ನೋಡದೆಯೇ 52, 13, 4, 12 ಎಂದು ಉರುಹೊಡೆಯುತ್ತಾರೆ. ಮಟ್ಕಾದ ಲೆಕ್ಕ ಮಾತ್ರ ಯಾವ ಪುಸ್ತಕದಲ್ಲೂ ಇಲ್ಲ. ಸೊನ್ನೆಯಿಂದ ಒಂಬತ್ತರವರೆಗೆ ಒಂದು ಅಂಕಿಗೆ ರೂಪಾಯಿ ಕಟ್ಟಿ, ಗೆದ್ದರೆ 9 ರೂಪಾಯಿ ಎಂದಿಟ್ಟುಕೊಂಡರೂ, ಗೆಲ್ಲುವುದು ಹತ್ತರಲ್ಲೊಂದು ಸಲ; ಪ್ರತಿ ರೂಪಾಯಿಗೆ ಸರಾಸರಿ 10 ಪೈಸೆ ನಷ್ಟ. ಕರ್ನಾಟಕದಲ್ಲಿ ಲಾಟರಿ 2007ರಲ್ಲಿ ನಿಂತಿತು, ಮಟ್ಕಾ ಮೊದಲಿನಿಂದಲೂ ಕಾನೂನುಬಾಹಿರ. ಊರಿಗೆ ಅತ್ಯಂತ ಉಪಯೋಗವಾಗಬಹುದಾಗಿದ್ದ ಲೆಕ್ಕ ಹೀಗೆ ತರಗತಿಯ ಹೊರಗೇ ಉಳಿಯಿತು.

ಎಸ್‌ಎಸ್‌ಎಲ್‌ಸಿ ಪಠ್ಯವೂ ಹೊರಳಿತು. ಮೊದಲು ಮಾನಕ ವಿಚಲನೆ ಮುಖ್ಯವಾಗಿತ್ತು. ಎನ್‌ಸಿಇಆರ್‌ಟಿ ಪುಸ್ತಕ ಬಂದ ಮೇಲೆ ವರ್ಗೀಕೃತ ದತ್ತಾಂಶದ ಸರಾಸರಿ, ಮಧ್ಯಾಂಕ, ಬಹುಲಕ ಮತ್ತು ಓಜೀವ್ ಎಂಬ ಸಂಚಿತ ಆವೃತ್ತಿಯ ವಕ್ರರೇಖೆ ಅದರ ಜಾಗಕ್ಕೆ ಬಂದವು. ಟ್ಯೂಷನ್ನಿನವರಿಗೆ ಇದು ಅನುಕೂಲ: ಸೂತ್ರ ಬರೆ, ಬೆಲೆ ಹಾಕು, ಅಂಕ ತಗೊ. ಉತ್ತರ ವರ್ಗಾಂತರದೊಳಗೇ ಬಂತೋ ಇಲ್ಲವೋ ಎಂದು ನೋಡುವ ಹುಡುಗರು ಕಡಿಮೆ.

ಸಂಖ್ಯಾಶಾಸ್ತ್ರಕ್ಕೂ ಬಳ್ಳಾರಿಗೂ ಇನ್ನೊಂದು ನಂಟಿದೆ. ಜಗತ್ತಿನ ದೊಡ್ಡ ಸಂಖ್ಯಾಶಾಸ್ತ್ರಜ್ಞರಲ್ಲೊಬ್ಬರಾದ ಸಿ.ಆರ್. ರಾವ್ 1920ರ ಸೆಪ್ಟೆಂಬರ್ 10ರಂದು ಹುಟ್ಟಿದ್ದು ಹೂವಿನಹಡಗಲಿಯಲ್ಲಿ, ಆಗಿನ ಬಳ್ಳಾರಿ ಜಿಲ್ಲೆಯಲ್ಲಿ. ತೆಲುಗು ಮನೆತನದ ಅವರ ಶಾಲೆಯ ಓದು ಆಂಧ್ರದ ಕಡೆ ನಡೆಯಿತು. 1945ರ ಪ್ರಬಂಧದಿಂದ ಹೆಸರಾದ ಅವರಿಗೆ 2023ರಲ್ಲಿ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಪ್ರಶಸ್ತಿ ಬಂತು. ಅದೇ ವರ್ಷ ತೀರಿಕೊಂಡರು. ಹಡಗಲಿ 2021ರಿಂದ ವಿಜಯನಗರ ಜಿಲ್ಲೆಯಲ್ಲಿದೆ. ಜಿಲ್ಲೆ ಒಡೆದ ಮೇಲೆ ಹಳೆಯ ಜಿಲ್ಲಾ ಸರಾಸರಿಗಳನ್ನು ಹಾಗೆಯೇ ಎರಡೂ ಕಡೆ ಅಂಟಿಸಲಾಗದು ಎಂಬುದೂ ಒಂದು ಒಳ್ಳೆಯ ಪರೀಕ್ಷಾ ಪ್ರಶ್ನೆ.

ಗಣಿತ ಮೇಷ್ಟ್ರುಗಳು 7ನೇ ತರಗತಿಯಲ್ಲಿ ಒಂದು ಪಿರಿಯಡ್ ಇದಕ್ಕೆ ಕೊಡಬೇಕು: ನಾಲ್ಕು ಹುಣಸೆ ಬೀಜ, ನೂರು ಎಸೆತ, ಪ್ರತಿ ಎಸೆತಕ್ಕೂ ಒಂದು ತಾಳೆ ಗೆರೆ. ಸೂತ್ರವನ್ನು ಮಾರನೆಯ ದಿನ ಹಲಗೆಯ ಮೇಲೆ ಬರೆಯಲಿ.