ಇನ್ನರ್ ಸರ್ಕಲ್‌ನ ಆಂಟಿ, ನಮ್ಮ ಅತ್ತೆ

ನನ್ನ ತಂಗಿ ಕಲ್ಕತ್ತಾ ನೋಡಿ ಬಂದಳು. ಹೌರಾ ಸೇತುವೆ, ಕಾಳಿಘಾಟ್ ಎಲ್ಲಾ ಬಿಟ್ಟು ಅವಳ ಬಾಯಲ್ಲಿ ಚೀನೀಯರ ಕೇರಿಯದೇ ಮಾತು. ಟಿರೆಟ್ಟಾ ಬಜಾರಿನಲ್ಲಿ ಬೆಳ್ಳಂಬೆಳಿಗ್ಗೆ ಬೀದಿಯಲ್ಲೇ ಕಡುಬಿನಂಥ ಬಿಸಿಬಿಸಿ ತಿಂಡಿ ಮಾರುತ್ತಾರಂತೆ. "ನಿಮ್ಮ ಕಡೆ ಏನಿದೆ ಅಕ್ಕಾ? ಬರೀ ಕಂಪೆನಿ, ಟ್ರಾಫಿಕ್ಕು" ಅಂದುಬಿಟ್ಟಳು.

ಕೋಪ ಬಂತು, ಉತ್ತರ ಬರಲಿಲ್ಲ. ಕಾಡುಗೋಡಿಗೆ ಸೊಸೆಯಾಗಿ ಬಂದು ಇಪ್ಪತ್ತೆರಡು ವರ್ಷವಾದರೂ, ಪಕ್ಕದ ವೈಟ್‌ಫೀಲ್ಡಿನ ಇನ್ನರ್ ಸರ್ಕಲ್ ಒಳಗೆ ನಾನು ಕಾಲಿಟ್ಟವಳಲ್ಲ! ಮುಂದಿನ ಭಾನುವಾರವೇ ಕಾನೂನು ಓದುತ್ತಿರುವ ಮಗಳನ್ನು ಹೊರಡಿಸಿದೆ.

ಬಿಳಿಯರು ಇದ್ದದ್ದರಿಂದ ಆ ಹೆಸರು ಎಂದು ನೀವೂ ನನ್ನಂತೆ ತಿಳಿದಿರಬಹುದು. ಅಲ್ಲ. ಅದು ಡಿ. ಎಸ್. ವೈಟ್ ಎಂಬ ಆಂಗ್ಲೋ-ಇಂಡಿಯನ್ ಮುಖಂಡರ ಹೆಸರು. ಆ ಜನ ಬೇಸಾಯ ಮಾಡಿ ಬದುಕಲಿ ಎಂದು 1882ರಲ್ಲಿ ಮೈಸೂರಿನ ಮಹಾರಾಜ ಹತ್ತನೆಯ ಚಾಮರಾಜ ಒಡೆಯರು 3,900 ಎಕರೆ ಕೊಟ್ಟರು. ನಡುವೆ ಬಯಲು, ಅದರ ಸುತ್ತ ದುಂಡಗೆ ರಸ್ತೆ, ರಸ್ತೆಯ ಅಂಚಿಗೆ ಮನೆಗಳು. 1947ರ ನಂತರ ಎಷ್ಟೋ ಕುಟುಂಬಗಳು ಇಂಗ್ಲೆಂಡು, ಆಸ್ಟ್ರೇಲಿಯಾ ಸೇರಿದವು. ತೊಂಬತ್ತರ ದಶಕದಲ್ಲಿ ಹತ್ತಿರವೇ ಐ.ಟಿ. ಪಾರ್ಕು ಎದ್ದಿತು, ನೆಲಕ್ಕೆ ಚಿನ್ನದ ಬೆಲೆ ಬಂತು. ಹೆಂಚಿನ ಬಂಗಲೆಗಳು ಈಗ ಬೆರಳೆಣಿಕೆಯಷ್ಟು.

ಅಂಥದೊಂದರ ವರಾಂಡದಲ್ಲಿ ಕೂತಿದ್ದ ವಯಸ್ಸಾದ ಆಂಟಿ ನಮ್ಮನ್ನು ಕರೆದು ನೀರು ಕೊಟ್ಟರು. ಹೆಂಗಸರು ಸೇರಿದ ಮೇಲೆ ಅಡುಗೆಯ ಮಾತು ಬರದಿರುತ್ತದೆಯೇ? ಭಾನುವಾರ ಅವರ ಮನೆಯಲ್ಲಿ ತೆಂಗಿನ ಹಾಲು, ಅರಿಶಿನ ಹಾಕಿದ ಹಳದಿ ಅನ್ನ, ಜೊತೆಗೆ ಬಾಲ್ ಕರಿ. ಮಾಡುವ ಬಗೆ ಕೇಳಿ ನಾನು "ಅಯ್ಯೋ ಆಂಟಿ, ಇದು ನಮ್ಮತ್ತೆಯ ಕೈಮಾ ಉಂಡೆ ಸಾರೇ!" ಅಂದೆ. ಅವರು ನಕ್ಕರು. "ಇರದೇ ಏನಮ್ಮಾ? ನಮ್ಮಜ್ಜಿಯ ಅಜ್ಜಿ ಈ ಕಡೆಯವಳೇ."

ಮಗಳು ಹೇಳಿದಳು, ಸಂವಿಧಾನದ ಪ್ರಕಾರ ಆಂಗ್ಲೋ-ಇಂಡಿಯನ್ ಎನಿಸಿಕೊಳ್ಳಲು ತಂದೆಯ ಕಡೆಯಿಂದ ಯೂರೋಪಿನ ಮೂಲ ಇರಬೇಕಂತೆ. ಅಜ್ಜಿಯರು ಲೆಕ್ಕಕ್ಕಿಲ್ಲ.

ಪಕ್ಕದ ಸೈಟಿನಲ್ಲಿ ಹಳೇ ಮನೆ ಕೆಡವಿ ಹೆಂಚು ರಾಶಿ ಹಾಕಿದ್ದರು. "ನಿಮ್ಮ ಮನೆ?" ಎಂದೆ. "ಬಿಲ್ಡರು ಮಕ್ಕಳ ಹತ್ತಿರ ಮಾತಾಡ್ತಾರೆ. ಮಕ್ಕಳು ಆಸ್ಟ್ರೇಲಿಯಾದಲ್ಲಿದ್ದಾರೆ. ನನ್ನನ್ನ ಯಾರು ಕೇಳ್ತಾರಮ್ಮಾ?"

ಆ ಮಾತು ನನಗೆ ಚುಚ್ಚಿತು. ನಮ್ಮ ಬೀರುವಿನಲ್ಲೂ ಬಿಲ್ಡರ ಕಾಗದವಿದೆ. ಮಾವನವರು ಕಟ್ಟಿಸಿದ ಹೆಂಚಿನ ಮನೆ ಕೊಟ್ಟು ಫ್ಲಾಟು ತಗೊಳ್ಳೋಣ ಎಂದು ಮೊದಲು ಹೇಳಿದವಳೇ ನಾನು. ಮಳೆಗಾಲವೆಲ್ಲ ಸೋರುವ ಕಡೆ ಬೋಗುಣಿ ಇಟ್ಟೂ ಇಟ್ಟೂ ಸಾಕಾಗಿದೆ. ನಮ್ಮವರು, ಮೈದುನ ಇಬ್ಬರೂ ಒಪ್ಪಿದ್ದಾರೆ. ಎಂಬತ್ತು ದಾಟಿದ ಅತ್ತೆಯನ್ನು ಮಾತ್ರ ಯಾರೂ ಕೇಳಿರಲಿಲ್ಲ.

ರಾತ್ರಿ ಮುದ್ದೆ ಬಡಿಸುತ್ತಾ ಕೇಳಿದೆ. "ಅತ್ತೇ, ಮನೆ ಕೊಡೋಣ್ವಾ?"

ಅತ್ತೆ ತುತ್ತು ನುಂಗಿ, ನೀರು ಕುಡಿದು ಹೇಳಿದರು: "ಕೊಡ್ರಿ, ಬಿಡ್ರಿ, ಅದು ಆಮೇಲಿನ ಮಾತು. ನನ್ನ ಒಂದು ಮಾತು ಕೇಳೋಕೆ ಆರು ತಿಂಗಳು ಬೇಕಾಯ್ತೇನೇ ನಿಂಗೆ?"

ನನ್ನ ಬಾಯಿ ಕಟ್ಟಿಹೋಯಿತು.

ಕಾಗದಕ್ಕೆ ಇನ್ನೂ ಸಹಿ ಬಿದ್ದಿಲ್ಲ, ನಮ್ಮವರು ಗೊಣಗುತ್ತಲೇ ಇದ್ದಾರೆ. ಮನೆ ಉಳಿಯುತ್ತದೋ ಇಲ್ಲವೋ ನಾನು ಹೇಳಲಾರೆ. ಅತ್ತೆ ಮಾತ್ರ ಮೊಮ್ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಯಾವ ತೊಲೆ ಯಾವ ಮರದ್ದು, ಯಾವ ಕೋಣೆಯಲ್ಲಿ ಯಾರು ಹುಟ್ಟಿದರು ಎಂದೆಲ್ಲ ಹೇಳುತ್ತಿದ್ದಾರೆ. ಅವಳು ಬರೆದುಕೊಳ್ಳುತ್ತಿದ್ದಾಳೆ.

ಸೋದರಿಯರೇ, ನಿಮ್ಮ ಬೀರುವಿನಲ್ಲೂ ಇಂಥ ಕಾಗದವಿದ್ದರೆ, ಸಹಿಗೆ ಮುಂಚೆ ಮನೆಯ ಹಿರಿಯ ಹೆಂಗಸನ್ನು ಒಂದು ಮಾತು ಕೇಳಿ. ಬೈಸಿಕೊಂಡರೂ ಚಿಂತೆಯಿಲ್ಲ.