ಹೊಟ್ಟೆ ಉರಿಗಲ್ಲ, ಎದೆ ಭಯಕ್ಕೆ!

ನಮ್ಮ ದೊಡ್ಡಬಳ್ಳಾಪುರದಲ್ಲಿ ಗ್ಯಾಸ್ಟ್ರಿಕ್ ಇಲ್ಲದ ಮಗ್ಗದ ಹುಡುಗನನ್ನು ತೋರಿಸಿ ಸ್ವಾಮಿ, ಸೆಕೆಂಡ್ ಶೋ ಟಿಕೆಟ್ ನಾನೇ ಕೊಡಿಸ್ತೀನಿ! ಪವರ್‌ಲೂಮಿನ ಸದ್ದಿನಲ್ಲಿ ರಾತ್ರಿ ಪಾಳಿ, ಗಂಟೆಗೊಂದು ಟೀ, ಊಟದ ಹೊತ್ತಿಗೆ ಬೋಂಡಾ. ಹುಳಿತೇಗು ಬಂತೋ, ಓಂಕಾಳು ಅಗಿ. ಹೊಟ್ಟೆ ಉಬ್ಬಿತೋ, ಸೋಡಾ ಕುಡಿ. ಎದೆ ಉರಿದರೆ ಅಂಗಡಿಯ ಗುಳಿಗೆ. ನನ್ನ ಪಕ್ಕದ ಮಗ್ಗದ ಗೆಳೆಯ ಆರು ವರ್ಷ ಹೀಗೇ ತಳ್ಳಿದ. ಡಾಕ್ಟರ ಹತ್ರ ಹೋಗೋ ಅಂದ್ರೆ, "ಗ್ಯಾಸಿಗೆಲ್ಲ ಯಾಕೋ ಡಾಕ್ಟ್ರು?" ಅಂತಿದ್ದ.

ಬಂತು ನೋಡಿ, 2021ರ ಅಕ್ಟೋಬರ್ 29. ನಮ್ಮ ಅಪ್ಪು ಹೋದ ದಿನ. ಕಸರತ್ತು ಮಾಡಿದ ಮೈ, ಬರೀ 46 ವರ್ಷ, ಹೃದಯಾಘಾತ! ಆಮೇಲೆ ಬೆಂಗಳೂರಿನ ಜಯದೇವ ಆಸ್ಪತ್ರೆಯಲ್ಲಿ ಎದೆ ತೋರಿಸೋಕೆ ಜನವೋ ಜನ. ನನ್ನ ಗೆಳೆಯನೂ ಬೆಳಗಿನ ಬಸ್ಸು ಹತ್ತಿ ಒಂದು ಆಸ್ಪತ್ರೆಗೆ ಹೋದ. ಆರು ವರ್ಷದ ಉರಿಗೆ ಏಳದವನು ಒಂದು ಸುದ್ದಿಗೆ ಎದ್ದ! ಇಸಿಜಿ ಸರಿಯಾಗಿತ್ತು. "ಹೃದಯ ಚೆನ್ನಾಗಿದೆಯಪ್ಪಾ, ಹೊಟ್ಟೆ ತೋರಿಸು" ಅಂದರಂತೆ ಡಾಕ್ಟರು.

ಇದು ನಮ್ಮೂರಿನ ಕಥೆ ಮಾತ್ರ ಅಲ್ಲ. 1989ರಲ್ಲಿ ಬ್ರಿಟನ್ನಿನಲ್ಲಿ ಪ್ರಕಟವಾದ ಅಧ್ಯಯನವೂ ಹೇಳಿದ್ದು ಇದನ್ನೇ: ಅಜೀರ್ಣದವರನ್ನು ಡಾಕ್ಟರ ಬಾಗಿಲಿಗೆ ಎಳೆಯೋದು ನೋವಿಗಿಂತ ಹೆಚ್ಚಾಗಿ 'ಹಾರ್ಟೋ, ಕ್ಯಾನ್ಸರೋ' ಅನ್ನೋ ಭಯ.

ಗೆಳೆಯನ ಹೊಟ್ಟೆಯಲ್ಲಿ ಸಿಕ್ಕಿದ್ದು ಹುಣ್ಣು. ಅದಕ್ಕೆ ಕಾರಣ ಹೆಲಿಕೊಬ್ಯಾಕ್ಟರ್ ಪೈಲೊರಿ ಎಂಬ ಕ್ರಿಮಿ. ಇದರ ಹಿಂದೆಯೂ ಒಬ್ಬ ಹೀರೋ ಇದ್ದಾನೆ! ಆಸ್ಟ್ರೇಲಿಯಾದ ಡಾಕ್ಟರ್ ಬ್ಯಾರಿ ಮಾರ್ಷಲ್. ಜನ ನಂಬಲಿಲ್ಲ ಅಂತ 1984ರಲ್ಲಿ ಆ ಕ್ರಿಮಿಯನ್ನು ತಾನೇ ಕುಡಿದು ಕಾಯಿಲೆ ಬರಿಸಿಕೊಂಡ. 2005ರಲ್ಲಿ ರಾಬಿನ್ ವಾರೆನ್ ಜೊತೆ ನೊಬೆಲ್ ಬಂತು. ಈಗ ಸುಮಾರು ಎರಡು ವಾರದ ಮಾತ್ರೆಗೆ ಆ ಕ್ರಿಮಿ ಸಾಮಾನ್ಯವಾಗಿ ಹೋಗುತ್ತೆ. ಗೆಳೆಯನಿಗೂ ಹೋಯ್ತು. ಬೆನ್ನುನೋವಿಗೆ ಅಂತ ದಿನಾ ನುಂಗೋ ನೋವಿನ ಮಾತ್ರೆಯೂ ಹುಣ್ಣು ಮಾಡುತ್ತೆ, ನೆನಪಿರಲಿ.

ಭಯ ಕೆಟ್ಟದ್ದು ಅಂತ ನಾನು ಹೇಳೋಲ್ಲ. ಆದರೆ ಸುದ್ದಿ ಹಳೆಯದಾದರೆ ಭಯವೂ ಮಲಗಿಬಿಡುತ್ತೆ, ಕಾಯಿಲೆ ಮಲಗೋಲ್ಲ! ಅದಕ್ಕೇ ಮೈ ಹೇಳೋದನ್ನು ಕೇಳಿ. ತೂಕ ಇಳಿದರೆ, ನುಂಗೋಕೆ ಕಷ್ಟವಾದರೆ, ಪದೇ ಪದೇ ವಾಂತಿಯಾದರೆ ತಡಮಾಡದೆ ತೋರಿಸಿ. ವಾಂತಿಯಲ್ಲಿ ರಕ್ತ ಕಂಡರೆ, ಮಲ ಟಾರಿನಂತೆ ಕಪ್ಪಾದರೆ ಆಗಲೇ ಹೊರಡಿ. ಎದೆ ಹಿಂಡಿ, ಬೆವರಿ, ನೋವು ತೋಳಿಗೋ ದವಡೆಗೋ ಹರಿದರೆ ಅದನ್ನು ಗ್ಯಾಸ್ ಅಂತ ಸೋಡಾ ಕುಡಿದು ಕೂರಬೇಡಿ; ಆ ಕ್ಷಣವೇ ಆಸ್ಪತ್ರೆಗೆ ಓಡಿ.

ಇನ್ನೊಬ್ಬ ಅಪ್ಪು ಹೋದ ಸುದ್ದಿ ಬರಲಿ ಅಂತ ಕಾಯಬೇಕಾ, ಹೇಳಿ?