ಸಂಜೆಯ ರಕ್ತ, ಬೆಳಗಿನ ರಕ್ತ

ಬೆಳಗ್ಗೆ ಏಳೂಕಾಲು. ದಾವಣಗೆರೆಯ ಪಿ.ಜೆ. ಬಡಾವಣೆಯ ಒಂದು ಲ್ಯಾಬ್. ಷಟರ್ ಪೂರ್ತಿ ಎತ್ತಿಲ್ಲ, ನೀವು ತಲೆ ಬಗ್ಗಿಸಿ ಒಳಗೆ ಬಂದಿದ್ದೀರಿ. ಫಿನಾಯಿಲ್ ಹಾಕಿ ಒರೆಸಿದ ನೆಲ ಇನ್ನೂ ಆರಿಲ್ಲ. ಎದುರಿನ ಹೋಟೆಲಿನಲ್ಲಿ ಆಗಲೇ ಕಾವಲಿ ಕಾದಿದೆ. ಬೆಣ್ಣೆ ಕರಗುವ ವಾಸನೆ ರಸ್ತೆ ದಾಟಿ ಬೆಂಚಿನವರೆಗೂ ಬರುತ್ತಿದೆ. ಈ ಊರಿನವರನ್ನು ಖಾಲಿ ಹೊಟ್ಟೆಯಲ್ಲಿ ಇಲ್ಲಿ ಕೂರಿಸುವುದು ಸ್ವಲ್ಪ ಕ್ರೌರ್ಯವೇ.

ಬೆಂಚಿನ ಮೇಲೆ ಐದಾರು ಜನ. ಹೆಚ್ಚಿನವರು ಶುಗರ್ ನೋಡಿಸಲು ಬಂದವರು, ಮುಖದಲ್ಲಿ ಅಳುಕಿಲ್ಲ. ಮೂಲೆಯಲ್ಲಿ ಕೂತವರು ಮಾತ್ರ ಕೈಯಲ್ಲಿನ ಚೀಟಿಯನ್ನು ಮಡಿಸಿ, ಬಿಚ್ಚಿ, ಮತ್ತೆ ಮಡಿಸುತ್ತಿದ್ದಾರೆ. ವಯಸ್ಸು 49. ಎಪಿಎಂಸಿಯಲ್ಲಿ ಮೆಕ್ಕೆಜೋಳದ ದಲಾಲಿ ಅಂಗಡಿ. ಚೀಟಿಯಲ್ಲಿರುವುದನ್ನು ಕೌಂಟರಿನ ಹುಡುಗ ಎಲ್ಲಿ ಗಟ್ಟಿಯಾಗಿ ಓದಿಬಿಡುತ್ತಾನೋ ಎಂಬ ಹೆದರಿಕೆ ಅವರಿಗೆ. ಓದಿಯೇಬಿಟ್ಟ: "ಟೆಸ್ಟೊಸ್ಟೆರಾನ್ ಯಾರ್ದ್ರೀ?" ಬೆಂಚಿನ ಅಷ್ಟೂ ತಲೆಗಳು ತಿರುಗಿದವು.

ಅವರ ಅಂಗಿ ಜೇಬಿನಲ್ಲಿ ಇನ್ನೊಂದು ಹಾಳೆಯಿದೆ. ಇಣುಕಿ ನೋಡಿ. ಹೋದ ತಿಂಗಳು 'ಫುಲ್ ಬಾಡಿ ಚೆಕಪ್' ಎಂದು ಯಾರೋ ಅಂಗಡಿಗೇ ಬಂದು ರಕ್ತ ತೆಗೆದುಕೊಂಡು ಹೋಗಿದ್ದರು. ಸಂಜೆ ನಾಲ್ಕು ಗಂಟೆ, ಊಟ ಮುಗಿದ ಮೇಲೆ. ಅರವತ್ತು ಚಿಲ್ಲರೆ ಸಾಲುಗಳ ಆ ವರದಿಯಲ್ಲಿ ಅವರ ಕಣ್ಣಿಗೆ ಬಿದ್ದದ್ದು ಒಂದೇ ಕೆಂಪು ಸಾಲು: ಟೋಟಲ್ ಟೆಸ್ಟೊಸ್ಟೆರಾನ್ 248. ಪಕ್ಕದಲ್ಲಿ ಇರಬೇಕಾದ ಮಟ್ಟ, 264 ರಿಂದ 916. ಅಷ್ಟೇ. ಅಲ್ಲಿಂದ ಅವರ ನಿದ್ದೆ ಕೆಟ್ಟಿತು. ಕುಂದುವಾಡ ಕೆರೆಯ ಮೇಲೆ ಜೊತೆಗೆ ವಾಕಿಂಗ್ ಮಾಡುವ ಗೆಳೆಯರೊಬ್ಬರು, "ನಾನೂ ಇಂಜೆಕ್ಷನ್ ತಗೊಂಡೆ, ಈಗ ಇಪ್ಪತ್ತೈದರ ಹುಡುಗ ಆಗೀನಿ, ನೀನೂ ತಗೋ ಮಾರಾಯ" ಅಂದರು. ಸುಸ್ತು ಇತ್ತು, ಅಂಗಡಿಯಲ್ಲಿ ಮಧ್ಯಾಹ್ನ ತೂಕಡಿಕೆ ಇತ್ತು, ಸಿಟ್ಟು ಬೇಗ ಬರುತ್ತಿತ್ತು. ಎಲ್ಲಕ್ಕೂ ಕಾರಣ ಸಿಕ್ಕಿತು ಅನ್ನಿಸಿತು. ಪುಣ್ಯಕ್ಕೆ ಇಂಜೆಕ್ಷನ್ನಿಗೆ ಮೊದಲು ಹಾರ್ಮೋನ್ ಡಾಕ್ಟರ ಹತ್ತಿರ ಹೋದರು.

"ಬನ್ನಿ ಅಂಕಲ್, ತೋಳು ಮಡಿಸ್ಕೊಳ್ಳಿ." ರಕ್ತ ತೆಗೆಯುವ ಹುಡುಗಿಗೆ ಇಪ್ಪತ್ತೆರಡು ಇದ್ದರೆ ಹೆಚ್ಚು. ರಬ್ಬರ್ ಪಟ್ಟಿ ಕಟ್ಟುತ್ತಲೇ ಕೇಳುತ್ತಾಳೆ.

"ಏನೂ ತಿಂದಿಲ್ಲ ತಾನೆ?"

"ನೀರು ಬಿಟ್ರೆ ಏನಿಲ್ಲಮ್ಮ. ಟೀನೂ ಇಲ್ಲ."

"ಜ್ವರ ಗಿರ ಬಂದಿತ್ತಾ ಈ ವಾರ? ಕೂದಲಿಗೆ ಅಂತ ಬಯೋಟಿನ್ ಮಾತ್ರೆ?"

"ಅದನ್ನ ನಿಲ್ಸು ಅಂದಿದ್ರು, ನಿಲ್ಸೀನಿ."

ಈ ಮೂರೂ ಪ್ರಶ್ನೆಗಳು ಸುಮ್ಮನೆ ಕೇಳಿದ್ದಲ್ಲ. ಈ ಹಾರ್ಮೋನು ಬೆಳಗಿನ ಜಾವಕ್ಕೆ ಏರಿ ಸಂಜೆಗೆ ಇಳಿಯುತ್ತದೆ. ವಯಸ್ಸಾದಂತೆ ಈ ಏರಿಳಿತ ತಗ್ಗುವುದು ನಿಜ, ಆದರೆ ನಡುವಯಸ್ಸಿನಲ್ಲಿ ಅದು ಇನ್ನೂ ಇದ್ದೇ ಇರುತ್ತದೆ. ಊಟವೂ ಅದನ್ನು ಇಳಿಸುತ್ತದೆ: 75 ಗ್ರಾಂ ಗ್ಲೂಕೋಸ್ ಕುಡಿಸಿ ಅಳೆದಾಗ ಸರಾಸರಿ ಕಾಲು ಭಾಗ ಕಡಿಮೆಯಾದದ್ದನ್ನು 2013ರ ಒಂದು ಅಧ್ಯಯನ ತೋರಿಸಿದೆ. ಜ್ವರ, ಶಸ್ತ್ರಚಿಕಿತ್ಸೆ, ನಿದ್ದೆಗೆಟ್ಟ ವಾರ, ಯಾವುದಾದರೂ ಸಾಕು. ಷಿಕಾಗೋದಲ್ಲಿ ಆರೋಗ್ಯವಂತ ಹುಡುಗರನ್ನು ಒಂದು ವಾರ ದಿನಕ್ಕೆ ಐದೇ ಗಂಟೆ ಮಲಗಿಸಿ ನೋಡಿದರು. ಹಗಲಿನ ಮಟ್ಟ ಶೇ. 10ರಿಂದ 15ರಷ್ಟು ಇಳಿಯಿತು. ಹಾಗಾಗಿ ಏಳರಿಂದ ಹತ್ತರೊಳಗೆ, ಖಾಲಿ ಹೊಟ್ಟೆಯಲ್ಲಿ, ಬೇರೆ ಬೇರೆ ಎರಡು ದಿನ ನೋಡಬೇಕೆನ್ನುವುದು ನಿಯಮ. ಊಟವಾದ ಮೇಲೆ ಸಂಜೆ ನಾಲ್ಕಕ್ಕೆ ತೆಗೆದ ಆ 248ನ್ನು ನಂಬಿ ಯಾವ ಔಷಧವನ್ನೂ ಶುರು ಮಾಡುವ ಹಾಗಿಲ್ಲ.

ಸೂಜಿ ಒಳಗೆ ಹೋಯಿತು. ಹಳದಿ ಮುಚ್ಚಳದ ಟ್ಯೂಬು ತುಂಬಿತು. ಅವರು ತೋಳು ಮಡಚಿ ಹೋಟೆಲಿನ ಕಡೆ ಓಡಿದರು. ನೀವು ಟ್ಯೂಬಿನ ಹಿಂದೆ ಹೋಗಿ.

ಹಿಂದಿನ ಕೋಣೆ ತಣ್ಣಗಿದೆ. ಟ್ಯೂಬು ಅರ್ಧ ಗಂಟೆ ಸ್ಟ್ಯಾಂಡಿನಲ್ಲಿ ನಿಂತಿರುತ್ತದೆ, ರಕ್ತ ಹೆಪ್ಪುಗಟ್ಟಲಿ ಎಂದು. ಆಮೇಲೆ ಸೆಂಟ್ರಿಫ್ಯೂಜ್ ಗಿರ್ರೆಂದು ತಿರುಗಿ ನಿಲ್ಲುತ್ತದೆ. ಮುಚ್ಚಳ ಎತ್ತಿದರೆ ಕೆಳಗೆ ಕೆಂಪು ಗಡ್ಡೆ, ನಡುವೆ ಜೆಲ್ಲಿನ ಪದರ, ಮೇಲೆ ಒಣಹುಲ್ಲಿನ ಬಣ್ಣದ ಸೀರಂ. ಆರೋಗ್ಯವಂತ ಗಂಡಸಿನ ಒಂದು ಮಿಲಿಲೀಟರ್ ಸೀರಂನಲ್ಲಿ ಈ ಹಾರ್ಮೋನು ಇರುವುದು ನಾಲ್ಕೈದು ನ್ಯಾನೋಗ್ರಾಂ, ಅಂದರೆ ಒಂದು ಗ್ರಾಮನ್ನು ನೂರು ಕೋಟಿ ಪಾಲು ಮಾಡಿದರೆ ಅದರಲ್ಲಿ ನಾಲ್ಕೈದು ಪಾಲು. ಇಷ್ಟು ಕಡಿಮೆಯನ್ನು ಅಳೆಯಬಹುದೆಂದು ಜಗತ್ತಿಗೆ ತೋರಿಸಿದವರು ನ್ಯೂಯಾರ್ಕಿನ ರೊಸಾಲಿನ್ ಯಾಲೋ ಮತ್ತು ಸೊಲೊಮನ್ ಬರ್ಸನ್. ಅವರು ಅಳೆದದ್ದು ಇನ್ಸುಲಿನ್ನು, ವಿಕಿರಣಶೀಲ ಅಯೋಡಿನ್ ಬಳಸಿ. ಯಾಲೋ ಅವರಿಗೆ 1977ರಲ್ಲಿ ನೊಬೆಲ್ ಬಂತು. ಬರ್ಸನ್ 1972ರಲ್ಲೇ ತೀರಿಕೊಂಡಿದ್ದರು.

ಈಗ ಇಲ್ಲಿ ವಿಕಿರಣವಿಲ್ಲ, ಬೆಳಕಿದೆ. ಯಂತ್ರದ ಸಣ್ಣ ಬಟ್ಟಲಿನಲ್ಲಿ ಪ್ರತಿಕಾಯಗಳ ಸಂಖ್ಯೆ ಸೀಮಿತ. ಅವಕ್ಕೆ ಅಂಟಿಕೊಳ್ಳಲು ದಲಾಲರ ಹಾರ್ಮೋನಿಗೂ ಬೆಳಕು ಕೊಡುವ ಗುರುತು ಹಚ್ಚಿದ ಹಾರ್ಮೋನಿಗೂ ಪೈಪೋಟಿ. ಇವರದು ಕಡಿಮೆಯಿದ್ದರೆ ಗುರುತಿನದು ಹೆಚ್ಚು ಅಂಟುತ್ತದೆ, ಬೆಳಕು ಹೆಚ್ಚು. ಅಂದರೆ ಬೆಳಕು ಹೆಚ್ಚಿದಷ್ಟೂ ಹಾರ್ಮೋನು ಕಡಿಮೆ. ಕೆಲವು ಯಂತ್ರಗಳಲ್ಲಿ ಈ ಅಂಟಿಗೆ ಬಯೋಟಿನ್ನನ್ನೇ ಬಳಸಿರುತ್ತಾರೆ. ರಕ್ತದಲ್ಲಿ ಮಾತ್ರೆಯ ಬಯೋಟಿನ್ ತುಂಬಿದ್ದರೆ ಟೆಸ್ಟೊಸ್ಟೆರಾನ್ ಸುಳ್ಳೇ ಹೆಚ್ಚಾಗಿ ಕಾಣುತ್ತದೆ. ಕೂದಲಿನ ಮಾತ್ರೆಯ ವಿಷಯ ಆ ಹುಡುಗಿ ಕೇಳಿದ್ದು ಅದಕ್ಕೆ.

ಪರದೆಯ ಮೇಲೆ ಅಂಕಿ ಮೂಡಿತು: 305. ಯಂತ್ರ ನೋಡಿಕೊಳ್ಳುವವರು ಅದರ ಮುಖವನ್ನೂ ನೋಡದೆ ಮುಂದಿನ ಬಾರ್‌ಕೋಡಿಗೆ ಹೋದರು.

ಹತ್ತು ದಿನ ದಾಟಿದೆ. ಇನ್ನೊಂದು ಬೆಳಗ್ಗೆ ಇನ್ನೊಂದು ಟ್ಯೂಬು ತುಂಬಿ 319 ಬಂದಿದೆ. ಈಗ ನೀವು ಡಾಕ್ಟರ ಕೋಣೆಯಲ್ಲಿ ಗೋಡೆಗೆ ಒರಗಿ ನಿಂತಿದ್ದೀರಿ. ದಲಾಲರು ಕುರ್ಚಿಯ ತುದಿಯಲ್ಲಿ, ಪಕ್ಕದಲ್ಲಿ ಅವರ ಹೆಂಡತಿ.

"ಹಂಗಾದ್ರೆ ಕಮ್ಮೀನಾ, ಸರೀನಾ ಮೇಡಂ?"

ಡಾಕ್ಟರು ನಗುತ್ತಾರೆ. ನಗುವುದಕ್ಕೆ ಕಾರಣವೂ ಇದೆ. ಎರಡರ ಸರಾಸರಿ 312. ಅಮೆರಿಕದ ಮೂತ್ರರೋಗ ತಜ್ಞರ ಸಂಘ ಹಾಕಿದ ಗೆರೆ 300. ಅಲ್ಲಿ ಇವರು ಪಾಸು. ಅಲ್ಲಿನದೇ ಎಂಡೋಕ್ರೈನ್ ಸೊಸೈಟಿಯದು 264, ಅಲ್ಲೂ ಪಾಸು. ಯುರೋಪಿನ ಮೂತ್ರರೋಗ ತಜ್ಞರದು 12 ನ್ಯಾನೋಮೋಲ್, ಇವರ ವರದಿಯ ಲೆಕ್ಕಕ್ಕೆ ತಂದರೆ 346, ಅಲ್ಲಿ ಫೇಲು. ಅದೇ ಮನುಷ್ಯ ವಿಮಾನ ಹತ್ತಿ ಇಳಿದರೆ ರೋಗಿಯಾಗುತ್ತಾನೆ. ಇಂಥ ಗೆರೆಯ ಮೇಲೆ ನಿಂತವರಿಗೆ ಟೋಟಲ್ ಅಂಕಿಯೊಂದೇ ಉತ್ತರ ಕೊಡುವುದಿಲ್ಲ.

"ನಿಮ್ ಗೋದಾಮಿನ ಲೆಕ್ಕದಲ್ಲೇ ಹೇಳ್ತೀನಿ ಕೇಳ್ರಿ," ಅಂದರು ಡಾಕ್ಟರು. "ಬ್ಯಾಂಕಿಗೆ ಅಡ ಇಟ್ಟ ಜೋಳ ಇರುತ್ತೆ, ಮುಟ್ಟೋ ಹಾಗಿಲ್ಲ. ಅಂಗಡಿಯಲ್ಲಿ ಬಿಡಿಯಾಗಿ ಇಟ್ಟಿದ್ದು ಇರುತ್ತೆ, ಬೇಕಂದ್ರೆ ತೂಗಬಹುದು. ಕೈಯಲ್ಲಿ ಇರೋ ರೊಕ್ಕ ಒಂದಿಷ್ಟು. ಟೋಟಲ್ ಅಂದ್ರೆ ಮೂರನ್ನೂ ಕೂಡಿಸಿದ್ದು. ದೇಹಕ್ಕೆ ಲೆಕ್ಕ ರೊಕ್ಕದ್ದು."

ಅಡ ಇಟ್ಟ ಜೋಳ ಅಂದರೆ ಎಸ್‌ಎಚ್‌ಬಿಜಿ ಎಂಬ ಪ್ರೋಟೀನು ಬಿಗಿಯಾಗಿ ಹಿಡಿದುಕೊಂಡ ಹಾರ್ಮೋನು. ಬಿಡಿ ಮಾಲು ಅಲ್ಬುಮಿನ್‌ಗೆ ಸಡಿಲವಾಗಿ ಅಂಟಿದ್ದು. ರೊಕ್ಕ, ನೂರಕ್ಕೆ ಎರಡು ಮೂರರಷ್ಟು ಇರುವ ಫ್ರೀ ಟೆಸ್ಟೊಸ್ಟೆರಾನ್. ಹೊಟ್ಟೆ ಬಂದವರಲ್ಲಿ, ಸಕ್ಕರೆ ಕಾಯಿಲೆಯಿದ್ದವರಲ್ಲಿ ಎಸ್‌ಎಚ್‌ಬಿಜಿ ಇಳಿಯುತ್ತದೆ. ಆಗ ಕೈಯಲ್ಲಿ ರೊಕ್ಕ ಇದ್ದರೂ ಟೋಟಲ್ ಕಡಿಮೆ ಕಾಣುತ್ತದೆ. ವಯಸ್ಸಾದಂತೆ, ಲಿವರ್ ಕೆಟ್ಟಾಗ, ಥೈರಾಯ್ಡ್ ಜಾಸ್ತಿಯಾದಾಗ ಅದು ಏರುತ್ತದೆ. ಆಗ ಟೋಟಲ್ ಚೆನ್ನಾಗಿದ್ದೂ ಕೈ ಖಾಲಿ ಇರಬಹುದು. ಫ್ರೀ ಅಂಕಿಯನ್ನು ನೇರವಾಗಿ ಕೊಡುವ ಅಗ್ಗದ ಕಿಟ್‌ಗಳನ್ನು ತಜ್ಞರು ನಂಬುವುದಿಲ್ಲ. ಟೋಟಲ್, ಎಸ್‌ಎಚ್‌ಬಿಜಿ, ಅಲ್ಬುಮಿನ್ ಮೂರನ್ನೂ ಅಳೆದು 1999ರ ವರ್ಮ್ಯೂಲೆನ್ ಸೂತ್ರಕ್ಕೆ ಹಾಕುತ್ತಾರೆ. ಡಾಕ್ಟರು ಫೋನಿನಲ್ಲಿ ಹಾಕಿದರು. ಎಸ್‌ಎಚ್‌ಬಿಜಿ 18, ಅಲ್ಬುಮಿನ್ 4.3. ಉತ್ತರ ಮಿಲಿಲೀಟರಿಗೆ ಸುಮಾರು 83 ಪಿಕೋಗ್ರಾಂ. ಯುರೋಪಿನ ದೊಡ್ಡ ಅಧ್ಯಯನವೊಂದು ಹಾಕಿದ ಕೆಳಗೆರೆ ಸುಮಾರು 63. ರೊಕ್ಕ ಇದೆ.

ಎಲ್‌ಎಚ್ 4.8, ಅದೂ ಸರಿ. ನನ್ನ ಕೇಳಿದರೆ ವರದಿಯಲ್ಲಿ ಮೊದಲು ನೋಡಬೇಕಾದ ಸಾಲು ಇದು, ಪ್ಯಾಕೇಜುಗಳಲ್ಲಿ ಹೆಚ್ಚಾಗಿ ಇಲ್ಲದಿರುವುದೂ ಇದೇ. ಮೆದುಳಿನ ತಳದ ಪಿಟ್ಯುಟರಿ ಗ್ರಂಥಿ ಎಲ್‌ಎಚ್ ಕಳಿಸಿ ವೃಷಣಕ್ಕೆ ಕೆಲಸ ಹೇಳುತ್ತದೆ. ಟೆಸ್ಟೊಸ್ಟೆರಾನ್ ನಿಜವಾಗಿ ತಗ್ಗಿ ಎಲ್‌ಎಚ್ ಏರಿದ್ದರೆ ತೊಂದರೆ ವೃಷಣದಲ್ಲಿ: ಮಂಗಬಾವು ಬಂದು ಕೆಟ್ಟಿರಬಹುದು, ಅಥವಾ ಹುಟ್ಟಿನಿಂದ ಒಂದು ಎಕ್ಸ್ ಕ್ರೋಮೋಸೋಮ್ ಹೆಚ್ಚಿರುವ ಕ್ಲೈನ್‌ಫೆಲ್ಟರ್ ಇರಬಹುದು. ಎಲ್‌ಎಚ್ ಕೂಡ ಏಳದೆ ಮಲಗಿದ್ದರೆ ತೊಂದರೆ ಮೇಲೆ. ಇವರಿಗಿಂತ ಮೊದಲು ಈ ಕುರ್ಚಿಯಲ್ಲಿ ಕೂತು ಹೋದವರದು ಅಂಥದ್ದು. 41ರ ವಯಸ್ಸು, ಎರಡೂ ಬೆಳಗ್ಗೆ 140ರ ಆಸುಪಾಸು, ಎಲ್‌ಎಚ್ ಒಂದೂ ಇಲ್ಲ, ಪಿಟ್ಯುಟರಿಯದೇ ಇನ್ನೊಂದು ಹಾರ್ಮೋನಾದ ಪ್ರೊಲ್ಯಾಕ್ಟಿನ್ ಮಾತ್ರ ಮಿತಿಯ ಹತ್ತಾರು ಪಟ್ಟು. ಎಂಆರ್‌ಐಯಲ್ಲಿ ಪಿಟ್ಯುಟರಿಯ ಗಡ್ಡೆ ಕಂಡಿದೆ. ಹೆದರುವಂಥದ್ದಲ್ಲ, ಇಂಥ ಹೆಚ್ಚಿನ ಗಡ್ಡೆಗಳು ವಾರಕ್ಕೆರಡು ಸಲದ ಕ್ಯಾಬರ್ಗೊಲಿನ್ ಮಾತ್ರೆಗೇ ಕುಗ್ಗುತ್ತವೆ. ಆದರೆ ಎಲ್‌ಎಚ್, ಪ್ರೊಲ್ಯಾಕ್ಟಿನ್ ನೋಡದೆ ನೇರ ಇಂಜೆಕ್ಷನ್ ಚುಚ್ಚಿದ್ದರೆ ಗಡ್ಡೆ ಅಲ್ಲೇ ಬೆಳೆಯುತ್ತಾ ಕೂತಿರುತ್ತಿತ್ತು.

"ಅಕ್ಕಾ, ನೀವು ಎರಡು ನಿಮಿಷ ಹೊರಗೆ ಕೂತ್ಕೊಳ್ತೀರಾ?"

ಬಾಗಿಲು ಮುಚ್ಚಿತು. ಡಾಕ್ಟರು ಬರೆಯುವುದನ್ನು ನಿಲ್ಲಿಸದೆ, ಹೊಟ್ಟೆನೋವು ವಿಚಾರಿಸುವ ದನಿಯಲ್ಲೇ ಕೇಳಿದರು: ಬೆಳಗ್ಗೆ ಎದ್ದಾಗ ನಿಮಿರಿರುತ್ತಾ? ಆಸೆ ಮೊದಲಿನ ಹಾಗೆ ಇದೆಯಾ? ಕೂಡುವಾಗ ತೊಂದರೆ ಆಗುತ್ತಾ?

ದಲಾಲರು ಫ್ಯಾನು ನೋಡಿದರು. "ಬೆಳಗ್ಗೆ ಇರ್ತದೆ ಮೇಡಂ, ವಾರದಾಗೆ ಮೂರ್ನಾಕು ದಿನ. ಆಸೆನೂ ಇದೆ. ಸುಸ್ತೇ ಜಾಸ್ತಿ."

ಈ ಮೂರು ಪ್ರಶ್ನೆಗಳ ತೂಕ ದೊಡ್ಡದು. 40ರಿಂದ 79 ವಯಸ್ಸಿನ 3369 ಯುರೋಪಿನ ಗಂಡಸರನ್ನು ಪರೀಕ್ಷಿಸಿದ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಹಾರ್ಮೋನಿನ ಕೊರತೆಯ ಜೊತೆ ಗಟ್ಟಿಯಾಗಿ ತಾಳೆಯಾದ ಲಕ್ಷಣಗಳು ಈ ಮೂರೇ. ಮೂರೂ ಲಕ್ಷಣ, ಜೊತೆಗೆ ರಕ್ತದಲ್ಲೂ ಕೊರತೆ ಎರಡೂ ಇದ್ದವರು ಶೇ. 2.1 ಮಾತ್ರ. ಸುಸ್ತು, ತೂಕಡಿಕೆ, ಸಿಡುಕು ನಡುವಯಸ್ಸಿನಲ್ಲಿ ನೂರು ಕಾರಣಕ್ಕೆ ಬರುತ್ತವೆ. ಜಾಹೀರಾತಿನವರು ಆ ನೂರನ್ನೂ ಈ ಒಂದರ ಖಾತೆಗೆ ಬರೆಯುತ್ತಾರೆ. ಹಳೆಯ ಚಾಳಿ ಇದು: 1889ರಲ್ಲಿ ಪ್ಯಾರಿಸ್ಸಿನ ಹೆಸರಾಂತ ಶರೀರಶಾಸ್ತ್ರಜ್ಞ ಬ್ರೌನ್-ಸೆಕಾರ್ 72ನೇ ವಯಸ್ಸಿನಲ್ಲಿ ನಾಯಿ, ಗಿನಿಯಿಲಿಗಳ ವೃಷಣದ ರಸವನ್ನು ತನಗೇ ಚುಚ್ಚಿಕೊಂಡು ಯೌವನ ಮರಳಿತೆಂದು ಸಾರಿದ. ನೀರಿನಲ್ಲಿ ತೆಗೆದ ಆ ರಸದಲ್ಲಿ ಹಾರ್ಮೋನು ಹೆಚ್ಚುಕಡಿಮೆ ಇರಲೇ ಇಲ್ಲ. ಆದರೂ ಮೆಟ್ಟಿಲು ಓಡಿ ಹತ್ತಿದೆ ಅಂದ.

ಹೆಂಡತಿ ಒಳಗೆ ಬಂದರು. ಡಾಕ್ಟರು ಅವರನ್ನೇ ಕೇಳಿದರು, "ನಿದ್ದೆ ಹೆಂಗೆ ಮಾಡ್ತಾರೆ ಇವ್ರು?"

"ಅಯ್ಯೋ, ನಮ್ಮನೆಯವ್ರ ಗೊರಕೆಗೆ ಮಗಳು ಬಾಗಿಲು ಹಾಕ್ಕೊಂಡು ಮಲಗ್ತಾಳೆ ಮೇಡಂ. ಒಂದೊಂದ್ಸಲ ಗೊರಕೆ ಟಪ್ಪಂತ ನಿಂತ್‌ಬಿಡುತ್ತೆ, ಉಸಿರೇ ಇಲ್ಲ. ನಾನೇ ಅಲ್ಲಾಡಿಸಿ ಎಬ್ಬಿಸ್ತೀನಿ."

ಡಾಕ್ಟರ ಪೆನ್ನು ನಿಂತಿತು. ಇಡೀ ಹಾಳೆಯ ಅಂಕಿಗಳು ಹೇಳದ್ದನ್ನು ಆಕೆ ಒಂದು ಉಸಿರಿನಲ್ಲಿ ಹೇಳಿದ್ದರು. ನಿದ್ದೆಯಲ್ಲಿ ಉಸಿರುಗಟ್ಟುವ ಕಾಯಿಲೆ ಇರಬೇಕು. ಮಧ್ಯಾಹ್ನದ ತೂಕಡಿಕೆಗೆ ಅದಕ್ಕಿಂತ ದೊಡ್ಡ ಕಾರಣ ಬೇಡ. ಎಚ್‌ಬಿಎ1ಸಿ 8.1, ಸಕ್ಕರೆ ಕಾಯಿಲೆ ಇದೆ, ಅವರಿಗೆ ಗೊತ್ತೇ ಇರಲಿಲ್ಲ. ಅದೂ ಆ ಅರವತ್ತು ಸಾಲುಗಳ ವರದಿಯಲ್ಲಿ ಇತ್ತು. ಕೆಂಪು ಬಣ್ಣದಲ್ಲೇ ಇತ್ತು. ಗಂಡಸುತನದ ಸಾಲಿನ ಮೇಲೆ ನೆಟ್ಟ ಕಣ್ಣು ಆ ಸಾಲಿಗೆ ಇಳಿಯಲೇ ಇಲ್ಲ.

"ಇಂಜೆಕ್ಷನ್ ಬೇಡ್ವಾ ಹಂಗಾದ್ರೆ? ನಮ್ ಗೆಳೆಯ ತಗೊಂಡಾನೆ."

"ನಿಮ್ ಗೆಳೆಯರಿಗೆ ಯಾಕೆ ಕೊಟ್ರೋ ನಂಗೊತ್ತಿಲ್ಲ. ನಿಮಗೆ ಬೇಡ."

ಯಾಕೆ ಬೇಡ ಎಂಬುದನ್ನೂ ಹೇಳಿದರು. ಹೊರಗಿನಿಂದ ಕೊಟ್ಟರೆ ಪಿಟ್ಯುಟರಿ ಎಲ್‌ಎಚ್ ಕಳಿಸುವುದನ್ನು ನಿಲ್ಲಿಸುತ್ತದೆ, ವೃಷಣ ಕೆಲಸ ಬಿಡುತ್ತದೆ, ವೀರ್ಯಾಣು ಇಳಿಯುತ್ತದೆ. ಮಕ್ಕಳು ಬೇಕೆನ್ನುವ ಮೂವತ್ತೈದರ ಹುಡುಗರು ಇದನ್ನು ತಿಳಿಯದೆ ಜಿಮ್ಮಿನಲ್ಲಿ ಚುಚ್ಚಿಸಿಕೊಳ್ಳುತ್ತಾರೆ. ರಕ್ತ ಗಟ್ಟಿಯಾಗುತ್ತದೆ, ಹೆಮಟೊಕ್ರಿಟ್ 54 ದಾಟಿದರೆ ನಿಲ್ಲಿಸಲೇಬೇಕು. ಉಸಿರುಗಟ್ಟುವ ಕಾಯಿಲೆ ತೀವ್ರವಾಗಿದ್ದು ಚಿಕಿತ್ಸೆ ಇಲ್ಲದಿದ್ದರೆ ಕೊಡಲೇಬಾರದು. ನಿಜವಾದ ಕೊರತೆಯಿದ್ದವರಿಗೆ ಇದು ಒಳ್ಳೆಯ ಔಷಧವೇ. 5000ಕ್ಕೂ ಹೆಚ್ಚು ಗಂಡಸರ ಮೇಲೆ ನಡೆದ ಟ್ರಾವರ್ಸ್ ಪ್ರಯೋಗ 2023ರಲ್ಲಿ ಪ್ರಕಟವಾಗಿ, ಹೃದಯಾಘಾತ, ಪಾರ್ಶ್ವವಾಯು ಹೆಚ್ಚಲಿಲ್ಲ ಎಂದಿತು. ಆದರೆ ಹೃದಯದ ಲಯ ತಪ್ಪುವುದು, ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟುವುದು ಔಷಧ ಪಡೆದವರಲ್ಲಿ ಸ್ವಲ್ಪ ಹೆಚ್ಚು ಕಂಡಿತು.

ಚೀಟಿಯಲ್ಲಿ ಸಕ್ಕರೆಯ ಮಾತ್ರೆ, ನಿದ್ದೆಯ ಪರೀಕ್ಷೆ, ತೂಕ ಇಳಿಸಲು ಊಟದ ಪಟ್ಟಿ. ತೂಕ ಇಳಿದರೆ ಟೆಸ್ಟೊಸ್ಟೆರಾನ್ ತಾನಾಗಿ ಏರುವುದುಂಟು. ಆರು ತಿಂಗಳ ಮೇಲೆ ಬೆಳಗ್ಗೆಯೇ ಇನ್ನೊಮ್ಮೆ ನೋಡೋಣ ಅಂದರು.

ನಿಮ್ಮ ಕೈಗೂ ಇಂಥ ವರದಿ ಬಂದರೆ ಕೆಂಪು ಸಾಲನ್ನು ಬಿಟ್ಟು ಮೊದಲು ರಕ್ತ ತೆಗೆದ ಗಂಟೆ ನೋಡಿ. ಆಮೇಲೆ ಮಿಕ್ಕ ಸಾಲುಗಳನ್ನೂ ಪೂರ್ತಿ ಓದಿಸಿ. ಡಾಕ್ಟರ ಹತ್ತಿರ ಹೋಗುವಾಗ, ಪಕ್ಕದಲ್ಲಿ ಮಲಗುವವರನ್ನು ಜೊತೆಗೆ ಕರೆದುಕೊಂಡು ಹೋಗಿ.